ಸಿಮೆಂಟ್ ಮೊಲದ ಕಿವಿ

ಎಪ್ಪತ್ತರ ದಶಕದಲ್ಲಿ ಜಯನಗರದ ನಮ್ಮ ಪಾರ್ಕಿನ ಮೂಲೆಯಲ್ಲಿ ಮುಟ್ಟಿದರೆ ಮುನಿ ಗಿಡ ಹಬ್ಬಿತ್ತು. ಗದ್ದಲ ಕೇಳಿದರೆ ಕಿವಿ ಮುಚ್ಚಿಕೊಂಡು ಚೀರುವ ನನ್ನ ಪುಟ್ಟ ತಂಗಿ ಅಲ್ಲಿ ಮಾತ್ರ ಸುಮ್ಮನೆ ಕೂತು, ಎಲೆ ಮುಟ್ಟಿ, ಅದು ಮಡಚಿಕೊಳ್ಳುವುದನ್ನು ನೋಡುತ್ತಿದ್ದಳು.

ಬಡಾವಣೆಯ ದೊಡ್ಡ ಮನುಷ್ಯರಿಗೆ ಅದು ಬರೀ ಕಳೆ. ಮಕ್ಕಳಿಗೋಸ್ಕರ ಅಂತಲೇ ಅದನ್ನೆಲ್ಲ ಕಿತ್ತೆಸೆದು, ಅಲ್ಲೊಂದು ಸಿಮೆಂಟ್ ಮೊಲ ಕೂರಿಸಿ, ಉದ್ಘಾಟನೆಗೆ ಮೈಕ್ ಸೆಟ್ ಹಾಕಿಸಿದರು. ಅದರ ಅರಚಾಟಕ್ಕೆ ತಂಗಿ ಕಿವಿ ಮುಚ್ಚಿಕೊಂಡು ಚೀರತೊಡಗಿದಳು.

"ಮಗು ಯಾಕ್ರಮ್ಮ ಅಳ್ತಿದೆ? ಮೊಲ ತೋರ್ಸಿ, ಸರಿಹೋಗತ್ತೆ" ಎಂದು ಹಾರ ಹಾಕಿಸಿಕೊಂಡು ಕೂತಿದ್ದ ಅಧ್ಯಕ್ಷರು ಅಮ್ಮನಿಗೆ ಹೇಳಿದರು.

ತಂಗಿ ಮೊಲದ ಬಳಿ ಓಡಿದಳು. ಚೀರುತ್ತಲೇ, ತನ್ನ ಕಿವಿಗಳನ್ನು ಬಿಟ್ಟು, ಎರಡೂ ಅಂಗೈಯಿಂದ ಅದರ ಕಿವಿ ಮುಚ್ಚಿದಳು.

ಥೂ! ಅದನ್ನು ನೋಡಿ ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು.