ದೀಪ ಹಚ್ಚುವ ಹೊತ್ತಿಗೆ ಆಡಿದ ಮಾತು

ಹಳೇಬೀಡಿನ ಕೆರೆಯ ದಂಡೆಯಲ್ಲಿ ನಮಗೆ ತರಬೇತಿ ನಡೆದದ್ದು ಎಂಬತ್ತರ ದಶಕದ ಮೊದಮೊದಲ ವರ್ಷಗಳಲ್ಲಿ. ನಾನಾಗ ಅರಸೀಕೆರೆ ಹತ್ತಿರದ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಕೆರೆ, ಹಳ್ಳ, ಬಾವಿಯ ನೀರಿನಲ್ಲಿ ಏನೇನು ಬದುಕಿವೆ ಎಂದು ಮಕ್ಕಳಿಗೆ ಕಲಿಸುವ ಮೊದಲು ಮೇಷ್ಟ್ರುಗಳೇ ನೀರಿಗಿಳಿದು ನೋಡಬೇಕು ಎನ್ನುವುದು ತರಬೇತಿಯ ಉದ್ದೇಶ. ಮೈಸೂರಿನಿಂದ ಬಂದಿದ್ದ ಜೀವಶಾಸ್ತ್ರದ ಸಾರ್ ಮೊದಲ ದಿನ ಭಾಷಣವನ್ನೇ ಮಾಡಲಿಲ್ಲ. ಹಳೆಯ ಸೊಳ್ಳೆಪರದೆಯ ತುಂಡು, ತಂತಿ, ಸೂಜಿ, ದಾರ ಕೊಟ್ಟು ಬಲೆ ಹೊಲಿಯಲು ಕೂರಿಸಿದರು. ಗಂಡಸರು ಸೂಜಿಗೆ ದಾರ ಪೋಣಿಸಲಾಗದೆ ನಮ್ಮ ಕೈಗೆ ದಾಟಿಸುತ್ತಿದ್ದರು. ನನ್ನ ಹೊಲಿಗೆ ಒಪ್ಪವಾಗಿದೆಯೆಂದು ಸಾರ್ ಎಲ್ಲರಿಗೂ ಎತ್ತಿ ತೋರಿಸಿದರು. ಹಾಗೆಯೇ, "ನಾಳೆ ಎಲ್ಲರೂ ಸೊಂಟದವರೆಗೆ ನೀರಿಗಿಳೀಬೇಕು. ಕಲ್ಲೆಲ್ಲ ಪಾಚಿ ಕಟ್ಟಿವೆ, ಜೋಪಾನ," ಎಂದರು.

ನಾನು ಸೂಜಿ ಕೆಳಗಿಟ್ಟೆ.

ನನಗೆ ಆಗ ಮೂರನೆಯ ತಿಂಗಳು. ಅದಕ್ಕೆ ಮುಂಚೆ ಎರಡು ಸಲ ಬಸುರು ನಿಂತಿರಲಿಲ್ಲ. ಎರಡನೆಯದು, ಬಚ್ಚಲಿನಲ್ಲಿ ಜಾರಿ ಬಿದ್ದ ಮಾರನೆಯ ದಿನ ಹೋಗಿತ್ತು. ಅಂದಿನಿಂದ ಒದ್ದೆ ನೆಲ ಕಂಡರೆ ಗೋಡೆ ಹಿಡಿದು ನಡೆಯುತ್ತಿದ್ದೆ. ಈ ಸಲದ್ದು ಗಂಡನಿಗೂ ಅಮ್ಮನಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. "ಮೂರು ತುಂಬೋವರ್ಗೂ ಬಾಯಿ ಬಿಡ್ಬೇಡ ಕಣೇ, ಕಣ್ಣು ಬೀಳ್ತವೆ," ಎಂದು ಅಮ್ಮ ಹೇಳಿಕಳಿಸಿದ್ದಳು. ಆಫೀಸಿನ ಆರ್ಡರು ಬಂದಮೇಲೆ ಕಾರಣ ಹೇಳದೆ ತಪ್ಪಿಸಿಕೊಳ್ಳುವುದು ಹೇಗೆ? ಬಂದಿದ್ದೆ.

ನಮಗೆ ಇಬ್ಬರು ಹೆಂಗಸರಿಗೆ ಬಸದಿ ಬೀದಿಯ ಒಬ್ಬ ಜೈನ ಅಜ್ಜಿಯ ಮನೆಯಲ್ಲಿ ವಾಸ. ಇನ್ನೊಬ್ಬರು ಬೇಲೂರಿನ ಟೀಚರ್, ನನಗಿಂತ ಹಿರಿಯರು, ಬಾಯಿ ತುಂಬ ಮಾತು. ಅವರನ್ನು ಅಕ್ಕ ಎನ್ನುತ್ತಿದ್ದೆ. ಆ ಮನೆಯಲ್ಲಿ ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಊಟವಾಗಿ ಜಗಲಿಯಲ್ಲಿ ಕೂತಾಗ ಅಕ್ಕ ಮರುದಿನಕ್ಕೆ ಯಾವ ಹಳೇ ಸೀರೆ ಉಡುವುದೆಂದು ಲೆಕ್ಕ ಹಾಕುತ್ತಿದ್ದರು. ನನ್ನ ಬಾಯಿಂದ ಬಂದುಬಿಟ್ಟಿತು: "ನಾನು ನೀರಿಗಿಳಿಯೋ ಹಾಗಿಲ್ಲ ಅಕ್ಕ. ಮುಟ್ಟಾಗಿದ್ದೀನಿ."

"ಅಯ್ಯೋ, ಸರಿಹೋಯ್ತು. ಮುಟ್ಟಾದೋರು ಕೆರೆ ಮುಟ್ಟಿದ್ರೆ ಗಂಗಮ್ಮ ಸುಮ್ನಿರ್ತಾಳಾ? ಸಾರ್‌ಗೆ ನಾನ್ ಹೇಳ್ತೀನಿ, ಮೈ ಹುಷಾರಿಲ್ಲ ಅಂತ."

ಅಷ್ಟರಲ್ಲಿ ಒಳಗಿನಿಂದ ಅಜ್ಜಿ ದೀಪ ಹಚ್ಚಿಕೊಂಡು ಹೊಸ್ತಿಲಿಗೆ ಬಂದರು. ಆ ಬೆಳಕು ನೋಡಿದ್ದೇ ನಾನು ಬಾಯಿಗೆ ಕೈ ಅಡ್ಡ ಹಿಡಿದೆ. ದೀಪ ಹಚ್ಚುವ ಹೊತ್ತಿಗೆ ಅಸ್ತು ದೇವತೆಗಳು ಓಡಾಡುತ್ತಾರೆ, ಯಾರು ಏನಾಡಿದರೂ ‘ಅಸ್ತು’ ಎಂದುಬಿಡುತ್ತಾರೆ ಎಂದು ಅಮ್ಮ ನಾವು ಸಣ್ಣವರಿದ್ದಾಗಿನಿಂದ ಹೇಳುತ್ತಿದ್ದಳು. ಹೊಟ್ಟೆಯಲ್ಲಿ ಮಗುವಿಟ್ಟುಕೊಂಡು ನನ್ನ ಬಾಯಿಂದಲೇ ಎಂಥ ಮಾತು ಆಡಿದ್ದೆ.

ಮುಟ್ಟಾದವಳೆಂದ ಮೇಲೆ ಹೊರಗಿನ ಕೋಣೆ, ಬೇರೆ ಚಾಪೆ, ಬೇರೆ ತಟ್ಟೆ. ಬಾವಿ ಮುಟ್ಟುವ ಹಾಗಿಲ್ಲ. ಅಜ್ಜಿ ಮೇಲಿನಿಂದ ಸುರಿದ ನೀರನ್ನು ಬೊಗಸೆಯಲ್ಲಿ ಕುಡಿಯಬೇಕು. ಅದಕ್ಕೆಲ್ಲ ಬೇಸರವಾಗಲಿಲ್ಲ. ಆದರೆ ಸೊಂಟ ಒಂದಿಷ್ಟು ಹಿಡಿದರೂ, ಸೀರೆ ಬೆವರಿಗೆ ಒದ್ದೆಯಾದರೂ, ಬಂತು ಎಂದುಕೊಂಡು ಹಿತ್ತಲಿಗೆ ಓಡುತ್ತಿದ್ದೆ. ಏನೂ ಇರುತ್ತಿರಲಿಲ್ಲ. ವಾಪಸು ಬಂದು ಕೂತರೆ ಮತ್ತೆ ಅದೇ ಹೆದರಿಕೆ.

ಮರುದಿನ ಉಳಿದವರೆಲ್ಲ ನೀರಿಗಿಳಿದರು. ಸಾರ್ ನನ್ನನ್ನು ದಂಡೆಯ ಮೇಲೆ ಬಿಳಿ ಪಿಂಗಾಣಿ ತಟ್ಟೆಗಳ ಮುಂದೆ ಕೂರಿಸಿದರು. ಬಲೆಯಲ್ಲಿ ಸಿಕ್ಕಿದ್ದನ್ನು ತಟ್ಟೆಯ ನೀರಿಗೆ ಕೊಡವುವುದು, ಪೆನ್ನಿಗೆ ಮಸಿ ತುಂಬುವ ಫಿಲ್ಲರಿನಿಂದ ಒಂದೊಂದೇ ಜೀವವನ್ನು ಹೀರಿ ಬೇರೆ ಮಾಡುವುದು ನನ್ನ ಕೆಲಸ. ಒಬ್ಬ ಮೇಷ್ಟ್ರು ಕಲ್ಲಿನ ಮೇಲೆ ಜಾರಿ ಮುಳುಗಿ ಎದ್ದರು. ಎಲ್ಲರೂ ನಕ್ಕರು. ನಾನು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡೆ.

ಸಂಜೆ ಹಿತ್ತಲಲ್ಲಿ ಅಜ್ಜಿ ಬಾವಿಯ ನೀರನ್ನು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸುತ್ತಿದ್ದರು. ಸೋಸಿ, ಬಟ್ಟೆ ಮಗುಚಿ ನೀರು ಹಾಕಿ ತೊಳೆದು, ಆ ನೀರನ್ನು ಬಿಂದಿಗೆಯಲ್ಲಿ ಮೆಲ್ಲಗೆ ಅದೇ ಬಾವಿಗೆ ಇಳಿಬಿಟ್ಟರು. ಬಟ್ಟೆಗೆ ಸಿಕ್ಕ ಜೀವ ಬಂದ ನೀರಿಗೇ ಹೋಗಬೇಕು ಎನ್ನುವುದು ಅವರ ಮನೆಯ ರೂಢಿ. ಹಗ್ಗ ಸುತ್ತುತ್ತಾ, ನನ್ನ ಕಡೆ ತಿರುಗದೆ ಕೇಳಿದರು: "ನೆನ್ನೆಯಿಂದ ನೋಡ್ತಿದೀನಿ. ತಂತಿ ಮೇಲೆ ನಿನ್ನ ಒಂದು ಬಟ್ಟೇನೂ ಒಣಗಿಲ್ವಲ್ಲ ಮಗಾ?"

ನನಗೆ ಅಳು ತಡೆಯಲಿಲ್ಲ. ಅಸ್ತು ದೇವತೆಗಳವರೆಗೂ ಎಲ್ಲ ಹೇಳಿದೆ.

"ಮಾತಿಗೆ ಬಸುರು ಇಳಿಯೋ ಹಂಗಿದ್ರೆ ಈ ಬೀದೀಲಿ ಯಾವ ಸೊಸೇನೂ ಹಡೀತಿರ್ಲಿಲ್ಲ. ಅತ್ತೇರ ಬಾಯಿ ನೀನು ನೋಡಿಲ್ಲ," ಎಂದರು. ಹಗ್ಗವನ್ನು ಗೂಟಕ್ಕೆ ಸಿಕ್ಕಿಸಿ, "ಅಷ್ಟು ಹೆದ್ರಿಕೆ ಇದ್ರೆ ಆಡಿದ ಮಾತನ್ನ ವಾಪಸ್ ತಗೋ. ಯಾರ ಮುಂದೆ ಆಡಿದ್ಯೋ ಅವರ ಮುಂದೇನೇ."

ವಾಪಸು ತೆಗೆದುಕೊಂಡರೆ ಅಮ್ಮನಿಗೆ ಕೊಟ್ಟ ಮಾತು ಮುರಿದಂತೆ. ಹೇಳಿದರೂ ಭಯ, ಹೇಳದಿದ್ದರೂ ಭಯ. ಅಜ್ಜಿ ಅಂದು ಒಳಮನೆಯಲ್ಲಿ ಹಾಸಿಕೊಟ್ಟರು. ಅಕ್ಕ ಹುಬ್ಬೇರಿಸಿದ್ದಕ್ಕೆ, "ಹೊರಗೆ ಚಳಿ," ಎಂದಷ್ಟೇ ಹೇಳಿದರು.

ಕೊನೆಯ ದಿನ ನನ್ನ ತಟ್ಟೆಗೆ ಒಂದು ಚಪ್ಪಟೆ ಕಂದು ಹುಳು ಬಂತು. ಬೆನ್ನ ತುಂಬ ಅಕ್ಕಿಕಾಳು ನಿಲ್ಲಿಸಿದಂತೆ ಮೊಟ್ಟೆ. ಸಾರ್ ಎಲ್ಲರನ್ನೂ ಕರೆದರು. "ಇದು ಗಂಡು. ಹೆಣ್ಣು ಇವನ ಬೆನ್ನಿಗೆ ಮೊಟ್ಟೆ ಅಂಟಿಸಿ ಹೋಗ್ತಾಳೆ. ಮರಿ ಆಗೋವರೆಗೆ ಇವನೇ ಹೊರಬೇಕು."

"ನಮ್ಮನೇಲೂ ಹಿಂಗೇ ಸಾರ್," ಎಂದರು ಜಾರಿ ಬಿದ್ದಿದ್ದ ಮೇಷ್ಟ್ರು.

"ಅದನ್ನ ನಿಮ್ಮ ಮನೆಯೋರು ಹೇಳ್ಲಿ ಬಿಡ್ರೀ," ಎಂದರು ಅಕ್ಕ.

ನಗುತ್ತಾ ಎಲ್ಲರೂ ಬಲೆ ತೊಳೆಯಲು ಹೋದರು. ಬಿಸಿಲೇರಿ ತಟ್ಟೆಯ ನೀರು ಬೆಚ್ಚಗಾಗುತ್ತಿತ್ತು. ಹುಳು ಅಂಚಿಗೆ ಬಂದು ಕಾಲು ಬಡಿಯುತ್ತಿತ್ತು. ಒಂದು ಮೊಟ್ಟೆ ಬೆನ್ನಿನಿಂದ ಕಳಚಿ ತಳಕ್ಕೆ ಬಿತ್ತು. ಅದನ್ನು ನೋಡಿಕೊಂಡು ಕೂತಿರಲು ನನ್ನಿಂದಾಗಲಿಲ್ಲ. ತಟ್ಟೆ ಎತ್ತಿಕೊಂಡು ದಂಡೆಯ ಹುಲ್ಲಿನ ಕಡೆ ಇಳಿದೆ. ಮೊದಲ ಹೆಜ್ಜೆ ಮಣ್ಣು, ಎರಡನೆಯದು ಕಲ್ಲು. ಪಾಚಿಯ ಮೇಲೆ ಹಿಮ್ಮಡಿ ಒಂದಿಷ್ಟು ಸರಿಯಿತು. ಅಲ್ಲೇ ನಿಂತುಬಿಟ್ಟೆ. ಮುಂದಕ್ಕೂ ಹೋಗಲಾರೆ, ಹಿಂದಕ್ಕೂ ಬರಲಾರೆ.

"ಏ, ಕೆರೆ ಮುಟ್ಬೇಡ ಕಣೇ! ನೀನು ಮುಟ್ಟು!" ಅಕ್ಕ ಮೇಲಿನಿಂದ ಕೂಗಿದರು.

"ಇಲ್ಲ ಅಕ್ಕ," ಎಂದೆ. ಕೇಳಿಸಿರಲಾರದೆಂದು ಮತ್ತೆ ಗಟ್ಟಿಯಾಗಿ ಹೇಳಿದೆ. "ನಾನು ಮುಟ್ಟಾಗಿಲ್ಲ. ಮೂರು ತಿಂಗಳಿಂದ ನಾನು ಮುಟ್ಟೇ ಆಗಿಲ್ಲ."

ಬಲೆ ತೊಳೆಯುತ್ತಿದ್ದ ಗಂಡಸರು ನೀರಿನ ಕಡೆ ಮುಖ ತಿರುಗಿಸಿದರು. ಅಕ್ಕ ಚಪ್ಪಲಿ ಬಿಟ್ಟು ಸರಸರ ಇಳಿದು ಬಂದು ನನ್ನ ತೋಳು ಹಿಡಿದರು. "ಅಲ್ಲ ಕಣೇ, ಇದನ್ನ ಮೊದ್ಲೇ ಬೊಗಳೋಕೆ ಏನಾಗಿತ್ತು? ಬಗ್ಗು ಮೆಲ್ಲಗೆ. ನಾನ್ ಹಿಡ್ಕೊಂಡಿದೀನಿ." ತಟ್ಟೆಯನ್ನು ಹುಲ್ಲಿನ ಬುಡಕ್ಕೆ ಓರೆ ಮಾಡಿದೆ. ಹುಳು ಜಾರಿ ಕಾಣೆಯಾಯಿತು.

ಅರಸೀಕೆರೆಗೆ ಬರುವ ಬಸ್ಸಿನಲ್ಲಿ ಪ್ರತಿ ಗುಂಡಿಗೂ ಮುಂದಿನ ಸೀಟಿನ ಕಂಬಿ ಹಿಡಿದು ಮೈ ಎತ್ತಿಕೊಂಡು ಕೂತಿದ್ದೆ. ಮಗಳು ಹುಟ್ಟುವವರೆಗೂ ಭಯ ಹೋಗಲಿಲ್ಲ. ದಿನಾ ದೀಪ ಹಚ್ಚುವ ಹೊತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ಒಂದು ಮಾತೂ ಆಡದೆ ಮೂಲೆಯಲ್ಲಿ ಕೂರುತ್ತಿದ್ದೆ. ಗಂಡ ಕೆಲಸದಿಂದ ಬಂದು, ಏನಾದರೂ ಕೇಳಬೇಕೆಂದಿದ್ದರೂ ಕತ್ತಲಾಗುವವರೆಗೆ ಕಾಯುತ್ತಿದ್ದರು.