ಊಟದ ಹೊತ್ತಿನ ಮಸಿ

ಗಾಳಿಯಕ್ಕನ ಕೆಲಸ ಏನೆಂದು ಯಾರಾದರೂ ಕೇಳಿದರೆ ಅವಳ ನಾದಿನಿಯ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. "ಬೆಟ್ಟದ ಮೇಲೆ ಕೂತು ಗಾಳಿ ಕಾಯ್ತಾಳೆ. ಕದ್ದುಕೊಂಡು ಹೋಗೋರು ಯಾರೂ ಇಲ್ಲ, ಆದ್ರೂ ಕಾಯ್ತಾಳೆ." ಕೇಳಿದವರು ನಗುತ್ತಾರೆ. ನಗಲಿ, ಪಾಪ. ತಾವು ಉಸಿರಾಡುವುದು ಏನೆಂದು ಒಂದು ದಿನವೂ ಯೋಚಿಸದವರಿಗೆ ನಗುವುದಕ್ಕೆ ಬೇಕಾದಷ್ಟು ಬಿಡುವಿರುತ್ತದೆ.

ಪೇಟೆಯಿಂದ ಹೊರಟ ರಸ್ತೆ ಬೆಟ್ಟವನ್ನು ಸುತ್ತಿ ಸುತ್ತಿ ಹತ್ತಿ ಒಂದು ಕಬ್ಬಿಣದ ಗೇಟಿನ ಹತ್ತಿರ ಬರುತ್ತದೆ. ಆಚೆಗೂ ರಸ್ತೆ ಇದೆ, ಆದರೆ ಗಾಡಿ ಬಿಡುವುದಿಲ್ಲ. ಉಳಿದ ಏರನ್ನು ನಡೆದೇ ಹತ್ತಬೇಕು. ತುದಿಯಲ್ಲಿ ಎರಡು ಕೋಣೆಯ ಕಟ್ಟಡ, ಅದರ ತಾರಸಿಯ ಅಂಚಿನಲ್ಲಿ ಎದ್ದು ನಿಂತ ಒಂದು ಉಕ್ಕಿನ ಕೊಳವೆ. ಕೊಳವೆ ಎಳೆದುಕೊಂಡ ಗಾಳಿ ಕೋಣೆಯೊಳಗಿನ ಯಂತ್ರಕ್ಕೆ ಬಂದು ಒಂದು ಬಿಳಿ ಪಟ್ಟಿಯ ಮೂಲಕ ಹಾದುಹೋಗುತ್ತದೆ. ಗಾಳಿಯಲ್ಲಿ ತೇಲುವ, ಕಣ್ಣಿಗೆ ಕಾಣದ ಹೊಗೆ, ದೂಳು, ಮಸಿ ಆ ಪಟ್ಟಿಯ ಮೇಲೆ ಉಳಿಯುತ್ತವೆ. ಓದಿದವರು ಇವನ್ನೆಲ್ಲ ಒಟ್ಟಿಗೆ ಏರೋಸಾಲ್ ಅನ್ನುತ್ತಾರೆ. ಪಟ್ಟಿ ಎಷ್ಟು ಕಪ್ಪಾಯಿತು ಎಂಬುದನ್ನು ಯಂತ್ರ ಅಂಕಿಯಾಗಿಸುತ್ತದೆ. ಆ ಅಂಕಿ ಗಂಟೆಗೊಮ್ಮೆ ದೇಶ ದಾಟಿ ಹೋಗುತ್ತದೆ.

ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಗಾಳಿಯಕ್ಕನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ಎಷ್ಟೋ ದೇಶಗಳ ಬೆಟ್ಟ, ದ್ವೀಪ, ಮರಳುಗಾಡು, ಹಿಮದ ಬಯಲುಗಳಲ್ಲಿ ಇಂಥವೇ ಕೊಳವೆಗಳಿವೆ. ಅವೆಲ್ಲದರ ಅಂಕಿಗಳು ಹೋಗಿ ಸೇರುವ ಜಾಗವನ್ನು ಅವಳು ಕಣಜ ಅನ್ನುತ್ತಾಳೆ. ಆ ಕಣಜಕ್ಕೆ ಬೀಗವಿಲ್ಲ. ಭೂಮಿ ಯಾಕೆ ಬಿಸಿಯಾಗುತ್ತಿದೆ, ಮೋಡ ಯಾಕೆ ದಾರಿ ತಪ್ಪುತ್ತಿದೆ ಎಂದು ಲೆಕ್ಕ ಹಾಕುವವರು ಯಾವ ದೇಶದವರಾದರೂ ಬಂದು ತಮಗೆ ಬೇಕಾದಷ್ಟು ಅಳೆದುಕೊಂಡು ಹೋಗಬಹುದು. "ಒಬ್ಬರ ಮನೆ ಹೊಗೆ ಇನ್ನೊಬ್ಬರ ಮನೆ ಕಿಟಕಿಗೆ ಬರುತ್ತೆ. ಆಗ ಲೆಕ್ಕಾನೂ ಎಲ್ಲರದ್ದೂ ಆಗಬೇಕಲ್ವಾ?" ಎನ್ನುತ್ತಾಳೆ.

ಗಾಳಿ ಅಳೆಯುವ ಈ ಕೇಂದ್ರಕ್ಕೆ ಅವಳೇ ದೊಡ್ಡವಳು, ಅವಳೇ ಚಿಕ್ಕವಳು. ಬೆಳಿಗ್ಗೆ ಕೊಳವೆಯ ಮೂತಿ ಒರೆಸುವುದು, ಪಟ್ಟಿಯ ಸುರುಳಿ ಮುಗಿದರೆ ಹೊಸದು ಹಾಕುವುದು, ಗಾಳಿ ಎಳೆಯುವ ಪಂಪಿನ ಸದ್ದು ಬದಲಾದರೆ ಬಿಚ್ಚಿ ನೋಡುವುದು, ಕೆಟ್ಟ ಅಂಕಿಯ ಮುಂದೆ ಕೆಟ್ಟದ್ದೆಂದು ಬರೆಯುವುದು, ಎಲ್ಲವೂ ಅವಳದೇ. ಹೊಗೆ ಎಂದರೆ ಅವಳಿಗೆ ಮೂಗಿನ ತುದಿಯಲ್ಲೇ ಕೋಪ. ಕೋಣೆಯಲ್ಲಿ ಸೊಳ್ಳೆಬತ್ತಿ ಸಹ ಹಚ್ಚುವಂತಿಲ್ಲ. ರಸ್ತೆ ಕೆಲಸದವರು ಟಾರು ಕಾಯಿಸಲು ಬಂದಾಗ ಅವರ ಡ್ರಮ್ಮನ್ನು ಬೆಟ್ಟದ ಬುಡಕ್ಕೆ ಉರುಳಿಸಿಕೊಂಡು ಹೋಗುವ ತನಕ ಬಿಡಲಿಲ್ಲ. ಗೇಟಿನ ಕಾವಲುಗಾರ ಅವಳ ಕಾಟ ತಾಳಲಾರದೆ ಸಿಗರೇಟನ್ನೇ ಬಿಟ್ಟ. ಅವನ ಹೆಂಡತಿ ಈಗಲೂ ಅದಕ್ಕಾಗಿ ಗಾಳಿಯಕ್ಕನಿಗೆ ಕೈಮುಗಿಯುತ್ತಾಳೆ.

ಅವಳ ಇನ್ನೊಂದು ಹೆಮ್ಮೆ ಗಂಡ. ಅವನು ಬಸ್ಸು ಓಡಿಸಿ ನಿವೃತ್ತನಾದವನು, ಪೇಟೆಗೆಲ್ಲ ಡ್ರೈವರಣ್ಣ. ಮನೆಯಲ್ಲಿ ಸುಮ್ಮನೆ ಕೂರಲಾರದೆ ಅಡುಗೆ ಕಲಿತ. ದಿನಾ ಮಧ್ಯಾಹ್ನ ತನ್ನ ಹಳೆಯ ಡೀಸೆಲ್ ವ್ಯಾನಿನಲ್ಲಿ ಗೇಟಿನವರೆಗೆ ಬಂದು, ಅಲ್ಲಿಂದ ನಡೆದು ಹೆಂಡತಿಗೆ ಬಿಸಿ ಊಟ ಮುಟ್ಟಿಸುತ್ತಿದ್ದ. "ಮಂಡಿನೋವು ಬೇರೆ. ಆದ್ರೂ ಒಂದು ದಿನ ತಪ್ಪಿಸಿಲ್ಲ ನೋಡಿ" ಎಂದು ಗಾಳಿಯಕ್ಕ ಅಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ, ಮುಖ್ಯವಾಗಿ ನಾದಿನಿಯ ಎದುರಿಗೆ ಹೇಳಿಕೊಳ್ಳುತ್ತಿದ್ದಳು.

ಇಷ್ಟೆಲ್ಲ ಇದ್ದರೂ ಕೇಂದ್ರ ಇನ್ನೂ ಕಾಯಂ ಆಗಿರಲಿಲ್ಲ. ಕೆಲವು ವರ್ಷ ಅಂಕಿಗಳನ್ನು ನೋಡಿ, ನಂಬಬಹುದು ಅನ್ನಿಸಿದರೆ ಮಾತ್ರ ಜಗತ್ತಿನ ಕೇಂದ್ರಗಳ ಪಟ್ಟಿಗೆ ಸೇರಿಸುವುದು ಪದ್ಧತಿ. ಇಲ್ಲದಿದ್ದರೆ ಯಂತ್ರವನ್ನು ಬಿಚ್ಚಿ ಬೇರೆ ಬೆಟ್ಟಕ್ಕೆ ಸಾಗಿಸುತ್ತಾರೆ. ಆ ಪರೀಕ್ಷೆಯ ದಿನಗಳಲ್ಲೇ ಮುಖ್ಯ ಕಚೇರಿಯಿಂದ ಫೋನು ಬಂತು. ಮಾಡಿದವಳು ಅಲ್ಲಿನ ವಿಜ್ಞಾನಿ. ಗಾಳಿಯಕ್ಕ ಅವಳ ಮುಖ ನೋಡಿದವಳಲ್ಲ. ದನಿಯ ಪರಿಚಯದ ಮೇಲೆಯೇ ಅವಳನ್ನು ಫೋನಿನ ತಂಗಿ ಎಂದು ಕರೆಯುತ್ತಿದ್ದಳು.

"ಅಕ್ಕ, ಬೇಜಾರು ಮಾಡ್ಕೋಬೇಡಿ. ನಿಮ್ಮ ಗಾಳಿ ತುಂಬಾ ಚೆನ್ನಾಗಿದೆ ಅಂತಾರೆ. ಆದ್ರೆ ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಮಸಿ ಒಂದೇ ಸಲ ಮೇಲಕ್ಕೆ ಹೋಗುತ್ತಂತೆ. ಏನದು ಅಂತ ಅಂಕಿ ಪರೀಕ್ಷೆ ಮಾಡೋರು ಕೇಳ್ತಿದಾರೆ."

"ಅವರ ಕನ್ನಡಕ ಒರೆಸಿಕೊಳ್ಳೋಕೆ ಹೇಳು."

"ನೀವು ರಜೆ ಹಾಕಿದ ದಿನ ಮಾತ್ರ ಇರಲ್ಲವಂತೆ, ಅಕ್ಕ." ಫೋನಿನ ತಂಗಿ ದನಿ ತಗ್ಗಿಸಿ ಕೇಳಿದಳು: "ಅಲ್ಲೇನಾದ್ರೂ ಒಲೆ ಹಚ್ತೀರಾ?"

ಈ ಪ್ರಶ್ನೆಗೆ ಗಾಳಿಯಕ್ಕ ಕೊಟ್ಟ ಉತ್ತರವನ್ನು ಇಲ್ಲಿ ಬರೆಯದಿರುವುದೇ ಮೇಲು. ಅಂಕಿ ಪರೀಕ್ಷೆ ಮಾಡುವ ಸಮುದ್ರದಾಚೆಯ ಮಹಾರಾಯನಿಗೂ ಅದರಲ್ಲಿ ಪಾಲಿತ್ತು. ಆದರೆ ಫೋನು ಇಟ್ಟ ಮೇಲೆ ಅವಳು ಹಳೆಯ ಅಂಕಿಗಳನ್ನು ಪರದೆಯ ಮೇಲೆ ತೆಗೆದು ನೋಡಿದಳು. ಊಟದ ಹೊತ್ತಿನಲ್ಲಿ ಅವಳು ಪರದೆಯ ಕಡೆ ನೋಡುವವಳಲ್ಲ. ಆಗ ಗಂಡ ಎದುರಿಗೆ ಕೂತಿರುತ್ತಾನೆ. ಪರೀಕ್ಷೆಯವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಮರುದಿನ ಊಟದ ಹೊತ್ತಿಗೆ ಮುಂಚೆ ಏಣಿ ಹತ್ತಿ ತಾರಸಿಯ ಮೇಲೆ ಕೊಳವೆಯ ಪಕ್ಕ ಕೂತಳು. ಸುತ್ತಿನ ಕಾಡಿನಲ್ಲಿ ಯಾರಾದರೂ ಬೆಂಕಿ ಹಾಕುತ್ತಿದ್ದರೆ ಕೈಯಾರೆ ಹಿಡಿಯಬೇಕೆಂದು ಅವಳ ಲೆಕ್ಕ. ಕೆಳಗೆ ವ್ಯಾನು ಬರುವುದು ಕಾಣಿಸಿತು. ಗೇಟಿನಲ್ಲಿ ಅದು ನಿಲ್ಲಲಿಲ್ಲ. ಕಾವಲುಗಾರ ಗೇಟು ತೆಗೆದು ಸಲಾಮು ಬೇರೆ ಹೊಡೆದ. ವ್ಯಾನು ಉಬ್ಬಸ ಬಂದವರ ಹಾಗೆ ಏದುತ್ತಾ ಏರು ಹತ್ತಿ, ಕಟ್ಟಡದ ಹಿಂದೆ ಗಾಳಿ ತಾಗದ ಮೂಲೆಯಲ್ಲಿ ಹಿಂಬದಿಯನ್ನು ಗೋಡೆಗೆ ಕೊಟ್ಟು ನಿಂತಿತು. ಪಂಪಿನ ಅಬ್ಬರದಲ್ಲಿ ಒಳಗಿದ್ದವರಿಗೆ ಇದೊಂದೂ ಕೇಳಿಸುವಂತಿರಲಿಲ್ಲ. ಡ್ರೈವರಣ್ಣ ಎಂಜಿನ್ ಆರಿಸದೆ ಕೆಳಗಿಳಿದ. ನೀರಿನ ಬಾಟಲಿ ತೆಗೆದು ಅಂಗೈ ಒದ್ದೆ ಮಾಡಿಕೊಂಡ. ಹಣೆಗೂ ಕುತ್ತಿಗೆಗೂ ಬೆವರಿನ ಹಾಗೆ ಹಚ್ಚಿಕೊಂಡ. ಎರಡು ಸಲ ಏದುಸಿರು ಬಿಟ್ಟು ನೋಡಿದ, ಮೂರನೆಯದು ಸರಿಬಂತು. ಆಮೇಲೆ ಊಟದ ಡಬ್ಬಿ ಹಿಡಿದು ಬಾಗಿಲ ಕಡೆ ಕುಂಟುತ್ತಾ ಹೊರಟ.

ಗಾಳಿಯಕ್ಕನಿಗೆ ಮೊದಲು ಬಂದದ್ದು ನಗು. ಬಾಯಿಗೆ ಸೆರಗು ಒತ್ತಿಕೊಂಡಳು. ಅಷ್ಟರಲ್ಲಿ ವ್ಯಾನಿನ ಹೊಗೆ ಗೋಡೆ ಹಿಡಿದು ಮೇಲೆ ಬಂದು, ಅವಳ ಕಣ್ಣೆದುರಿಗೇ ಕೊಳವೆಯ ಮೂತಿಯನ್ನು ಸುತ್ತಿಕೊಂಡಿತು. ನಗು ಅಲ್ಲೇ ಒಣಗಿತು. ಊರಿನವರ ಹೊಗೆಯನ್ನೆಲ್ಲ ಹುಡುಕಿ ಹುಡುಕಿ ಆರಿಸಿದವಳ ದೀಪದ ಬುಡದಲ್ಲೇ ಕತ್ತಲೆ.

ಅವಳು ಏಣಿ ಇಳಿದು ಒಳಗೆ ಬಂದಾಗ ಡ್ರೈವರಣ್ಣ ಕುರ್ಚಿಗೆ ಒರಗಿ, "ಅಬ್ಬಬ್ಬಾ, ಈ ಏರು ದಿನೇ ದಿನೇ ಉದ್ದ ಆಗ್ತಿದೆ ಕಣೇ" ಎಂದ.

"ಹೌದು ಪಾಪ. ರಿವರ್ಸ್ ಗೇರಲ್ಲಿ ಬೇರೆ ಬರಬೇಕು."

ಡ್ರೈವರಣ್ಣ ಡಬ್ಬಿಯ ಮುಚ್ಚಳವನ್ನು ತೆಗೆಯಲು ಹೋಗಿ ಮತ್ತೆ ಮುಚ್ಚಿದ. "ಯಾರು ಹೇಳಿದ್ರು?"

"ನಿಮ್ಮ ಗಾಡೀನೇ ಹೇಳಿದೆ. ಪ್ರಪಂಚಕ್ಕೆಲ್ಲ ದಿನಾ ಹೇಳ್ತಾ ಬಂದಿದೆ. ನನಗೊಬ್ಬಳಿಗೇ ಗೊತ್ತಿರಲಿಲ್ಲ."

ಅವನು ತಲೆ ತಗ್ಗಿಸಿಯೇ ಹೇಳಿದ. ಮೊದಲೆಲ್ಲ ನಡೆದೇ ಬರುತ್ತಿದ್ದ. ಹಿಂದಿನ ಚಳಿಗಾಲದಲ್ಲಿ ಮಂಡಿ ಹಿಡಿದುಕೊಂಡಿತು. ಕೂತು ಕೂತು ಹತ್ತುವಷ್ಟರಲ್ಲಿ ಊಟ ಆರಿಹೋಗುತ್ತಿತ್ತು. "ತಣ್ಣಗಾದದ್ದನ್ನ ನಿನ್ನ ಮುಂದೆ ಇಡೋಕೆ ಮನಸ್ಸು ಬರಲಿಲ್ಲ. ಎಂಜಿನ್ ಆರಿಸಿದ್ರೆ ಈ ಚಳೀಲಿ ಮತ್ತೆ ಸ್ಟಾರ್ಟ್ ಆಗಲ್ಲ. ಒಂದು ಪೈಪಿನ ಹೊಗೆ ಇಷ್ಟು ದೊಡ್ಡ ಆಕಾಶಕ್ಕೆ ಏನು ಮಾಡೀತು ಅಂದ್ಕೊಂಡೆ."

"ನನಗೆ ಹೇಳಬಹುದಿತ್ತಲ್ಲ."

"ಊರೆಲ್ಲ ಹೇಳ್ಕೊಂಡು ಬಂದಿದ್ದೀಯ, ನನ್ನ ಗಂಡ ಬೆಟ್ಟ ಹತ್ತಿ ಬರ್ತಾರೆ ಅಂತ. ಅದನ್ನ ಕೇಳೋಕೆ ನನಗೂ ಇಷ್ಟ ಆಗ್ತಿತ್ತು."

ಗಾಳಿಯಕ್ಕನಿಗೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ. ಇಬ್ಬರೂ ಊಟ ಮಾಡಿದರು. ಊಟ ಬಿಸಿಯಾಗಿತ್ತು, ರುಚಿಯಾಗಿಯೂ ಇತ್ತು.

"ನಾಳೆಯಿಂದ ಗಾಡಿ ಕೆಳಗೇ ನಿಲ್ಲಿಸ್ತೀನಿ" ಎಂದ ಡ್ರೈವರಣ್ಣ. "ಮಸಿ ತಾನಾಗೇ ನಿಂತುಹೋಗುತ್ತೆ. ಏನೋ ಇತ್ತು, ಈಗ ಇಲ್ಲ ಅಂದುಬಿಡು. ಯಾರಿಗೆ ಗೊತ್ತಾಗುತ್ತೆ?"

ಗೊತ್ತಾಗುತ್ತಿರಲಿಲ್ಲ, ಅದು ನಿಜ. ಹಳೆಯ ಅಂಕಿಗಳನ್ನು ಕೆಟ್ಟವೆಂದು ಹೊಡೆದುಹಾಕಿದರೆ ಒಳ್ಳೆಯ ಅಂಕಿಗಳು ಕಡಿಮೆಯಾಗುತ್ತವೆ. ಚಳಿಗೆ ಕೊಳವೆ ಕಟ್ಟಿಕೊಂಡು ಆಗಲೇ ಎಷ್ಟೋ ದಿನಗಳು ಹಾಳಾಗಿದ್ದವು. ಇವೂ ಹೋದರೆ ಕಾಯಂ ಆಗಲು ಬೇಕಾದಷ್ಟು ಉಳಿಯುತ್ತದೋ ಇಲ್ಲವೋ. ಬಾಯಿ ಮುಚ್ಚಿಕೊಂಡು ಕೂತರೆ ಕೇಂದ್ರ ಉಳಿಯುತ್ತದೆ, ಅವಳೂ ಉಳಿಯುತ್ತಾಳೆ.

"ಕಣಜಕ್ಕೆ ಕಲ್ಲು ಹಾಕಿದ್ದೀವಿ ರೀ" ಎಂದಳು ಕೊನೆಗೆ. "ಇನ್ಮೇಲೆ ಹಾಕಲ್ಲ ಅಂದ್ರೆ ಹಾಕಿದ ಕಲ್ಲು ಕರಗುತ್ತಾ? ಯಾರೋ ಅದನ್ನೂ ಕಾಳು ಅಂತ ಅಳೀತಾರೆ. ನಾವೇ ಆರಿಸಿ ತೆಗೀಬೇಕು."

ವ್ಯಾನು ಮೇಲೆ ಬರಲು ಶುರುವಾದದ್ದು ಯಾವಾಗ ಎಂದು ತಿಳಿಯಲು ಕಾವಲುಗಾರನನ್ನು ಕರೆಸಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನು ಒಳಗೆ ಬರುತ್ತಲೇ, "ಮಂಡಿನೋವು ಅಂತ ಬಿಟ್ಟೆ ಅಕ್ಕ, ಸಿಗರೇಟು ಮಾತ್ರ ಸೇದಿಲ್ಲ" ಎಂದ. ಮೂವರೂ ಕೂತು ನೆನಪು ಮಾಡಿಕೊಂಡು, ಅಂದಿನಿಂದ ಈಚಿನ ಊಟದ ಹೊತ್ತಿನ ಅಂಕಿಗಳನ್ನೆಲ್ಲ ಕೆಟ್ಟವೆಂದು ಹೊಡೆದುಹಾಕಿದರು. ಗಾಳಿ ನಿಂತ ದಿನಗಳಲ್ಲಿ ಹೊಗೆ ಇನ್ನಷ್ಟು ಹೊತ್ತು ಕಟ್ಟಡದ ಸುತ್ತಲೇ ಇದ್ದಿರುತ್ತದೆ ಎಂದು ಗಾಳಿಯಕ್ಕ ಆ ಹೊತ್ತನ್ನೂ ಹೊಡೆದುಹಾಕಿದಳು. ಯಾರೂ ಕೇಳಿರದ ಲೆಕ್ಕ ಅದು.

ಫೋನಿನ ತಂಗಿ ಒಳ್ಳೆಯದಕ್ಕೇ ಹೇಳಿದಳು: "ಕಾರಣ ಅನ್ನೋ ಕಡೆ 'ಹತ್ತಿರದ ವಾಹನ' ಅಂತ ಬರೀರಿ ಸಾಕು, ಅಕ್ಕ. ಅದನ್ನ ಎಲ್ಲ ದೇಶದವರೂ ಓದ್ತಾರೆ."

"ಎಲ್ಲರೂ ಓದೋದಕ್ಕೇ ಸರಿಯಾಗಿ ಬರೀಬೇಕು" ಎಂದು ಗಾಳಿಯಕ್ಕ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿ, ತನಗೆ ಸರಿ ಕಂಡಂತೆ ಬರೆದಳು: 'ಕೇಂದ್ರದ ಕೆಲಸದವಳ ಗಂಡನ ವ್ಯಾನು. ಅವಳಿಗೆ ಊಟ ತರುತ್ತಿತ್ತು. ಅವಳು ನೋಡಿಕೊಳ್ಳಬೇಕಿತ್ತು, ನೋಡಲಿಲ್ಲ. ಇನ್ನು ಬರುವುದಿಲ್ಲ.'

ಉತ್ತರ ಬಂದಾಗ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಒಳ್ಳೆಯ ಅಂಕಿಗಳು ಸಾಲವು, ಇನ್ನೊಂದು ವರ್ಷ ನೋಡೋಣ ಎಂದಿದ್ದರು. ನಾದಿನಿಗೆ ಸುದ್ದಿ ಹೇಗೆ ಮುಟ್ಟಿತೋ. "ಗಂಡನ ಹೊಗೆ ಕಾಣದವಳು ಲೋಕದ ಹೊಗೆ ಕಾಣ್ತಾಳಂತೆ" ಎಂದು ಪೇಟೆಯಲ್ಲೆಲ್ಲ ಹಂಚಿದಳು. ಗಾಳಿಯಕ್ಕ ಅದನ್ನೂ ಹೊಟ್ಟೆಗೆ ಹಾಕಿಕೊಂಡಳು. ಡ್ರೈವರಣ್ಣ ಬೇಗ ಅಡುಗೆ ಮುಗಿಸಿ, ವ್ಯಾನನ್ನು ಗೇಟಿನ ಕೆಳಗೇ ಬಿಟ್ಟು, ತಿರುವಿಗೊಂದು ಕಲ್ಲಿನ ಮೇಲೆ ಕೂತು ಮಂಡಿ ನೀವಿಕೊಂಡು ಹತ್ತಿ ಬರತೊಡಗಿದ. ಬೇಡ, ಬೆಳಿಗ್ಗೆಯೇ ಕಟ್ಟಿಕೊಂಡು ಬರ್ತೀನಿ ಎಂದು ಅವಳು ಎಷ್ಟು ಹೇಳಿದರೂ ಕೇಳಲಿಲ್ಲ. ತಣ್ಣನೆಯ ಊಟವನ್ನು ಅವಳು ಒಂದು ಅಗುಳೂ ಬಿಡದೆ ಉಂಡಳು.

ಬೇಸಿಗೆಯ ಒಂದು ದಿನ, ಅದೂ ಸರಿಯಾಗಿ ಊಟದ ಹೊತ್ತಿಗೆ, ಪರದೆಯ ಮೇಲಿನ ಗೆರೆ ಎದ್ದು ನಿಂತಿತು. ಗಾಳಿಯಕ್ಕ ಪಟ್ಟಿ ನೋಡಿದಳು, ವ್ಯಾನು ಬರುತ್ತಿದ್ದ ದಿನಗಳಲ್ಲೂ ಇಷ್ಟು ಕಪ್ಪಾಗಿರಲಿಲ್ಲ. ಓಡಿಹೋಗಿ ಕಟ್ಟಡವನ್ನು ಸುತ್ತಿದಳು, ತಾರಸಿ ಹತ್ತಿದಳು, ಏರಿನ ಅಂಚಿಗೆ ಬಂದು ಬಗ್ಗಿ ನೋಡಿದಳು. ವ್ಯಾನು ಗೇಟಿನ ಆಚೆ ಸುಮ್ಮನೆ ನಿಂತಿತ್ತು. ಗಂಡ ಎರಡನೆಯ ತಿರುವಿನ ಕಲ್ಲಿನ ಮೇಲೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಎಲ್ಲೂ ಬೆಂಕಿಯಿಲ್ಲ. ಸಮುದ್ರದ ಕಡೆಯ ಆಕಾಶ ಮಾತ್ರ ಕಲಗಚ್ಚಿನ ಬಣ್ಣಕ್ಕೆ ತಿರುಗಿತ್ತು.

ಫೋನು ಬಂತು. ಫೋನಿನ ತಂಗಿಯ ದನಿ ಹಿಂದೆ ಮುಂದೆ ನೋಡುತ್ತಿತ್ತು. "ಅಕ್ಕ, ಈಗ ಬರ್ತಿರೋ ಮಸಿ... ಡ್ರೈವರಣ್ಣ ಏನಾದ್ರೂ..."

"ಇಲ್ಲ. ಗಾಡಿ ಕೆಳಗಿದೆ, ಕಣ್ಣಾರೆ ನೋಡಿ ಬಂದೆ. ಇದು ನಮ್ಮದಲ್ಲ ತಂಗಿ, ದೂರದ್ದು. ಸಮುದ್ರದ ಆಚೆಯಿಂದ ಬರ್ತಿದೆ."

ಅವಳು ಹೇಳುತ್ತಿರುವುದು ನಿಜವಾದರೆ ಎಲ್ಲೋ ದೊಡ್ಡ ಕಾಡೊಂದು ಹೊತ್ತಿ ಉರಿಯುತ್ತಿದೆ, ಅದರ ಹೊಗೆ ಮೊದಲು ಈ ಎತ್ತರಕ್ಕೆ ಮುಟ್ಟಿದೆ, ಇನ್ನು ಬಯಲಿನ ಊರುಗಳಿಗೆ ಇಳಿಯುತ್ತದೆ. ಉಬ್ಬಸದವರಿಗೆ, ಮಕ್ಕಳಿಗೆ ಈಗಲೇ ಎಚ್ಚರಿಕೆ ಹೋಗಬೇಕು. ಸುಳ್ಳಾದರೆ ಒಂದು ಊಟದ ವ್ಯಾನಿಗೆ ಲೋಕವೆಲ್ಲ ಹೆದರಿದ ಹಾಗಾಗುತ್ತದೆ. ಕಾಯಂ ಆಗುವ ಮಾತು ಆಮೇಲೆ ಯಾರೂ ಎತ್ತುವುದಿಲ್ಲ.

"ಹಾಗೇ ತಿಳಿಸ್ತೀನಿ ಅಕ್ಕ, ಲೈನಲ್ಲೇ ಇರಿ" ಎಂದಳು ಫೋನಿನ ತಂಗಿ. ಆ ಕಡೆಯಿಂದ ಕೀಲಿಗಳ ಟಪಟಪ ಸದ್ದು ಕೇಳಿಸಿತು. ಗಾಳಿಯಕ್ಕ ಫೋನನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಮೆಟ್ಟಿಲಿನ ಮೇಲೆ ಗಂಡನ ಹೆಜ್ಜೆ ಕೇಳಿತು, ಅವನು ಬಂದು ಡಬ್ಬಿಯನ್ನು ಮೇಜಿನ ಮೇಲಿಟ್ಟ. ಅವಳ ಮುಖ ನೋಡಿ ಗೋಡೆಗೆ ಒರಗಿ ನಿಂತ.

"ಬಂತು ಅಕ್ಕ" ಎಂದಳು ಫೋನಿನ ತಂಗಿ. "ಅಲ್ಲಿ ಕೆಲವರು, ಇದು ಆ ವ್ಯಾನೇ ಇರಬೇಕು, ಸ್ವಲ್ಪ ಕಾಯೋಣ ಅಂದ್ರಂತೆ. ನಿಮ್ಮ ಸಮುದ್ರದಾಚೆಯ ಮಹಾರಾಯ ಒಪ್ಪಲಿಲ್ಲ. ಅವರು ಬರೆದಿರೋದನ್ನ ಓದ್ತೀನಿ ಕೇಳಿ: 'ತನ್ನ ಗಂಡನ ಗಾಡಿಯೇ ಕಾರಣ ಅಂತ ಬರೆದು ಅಂಕಿ ಹೊಡೆದುಹಾಕಿದ ಹೆಂಗಸು ಆಕೆ. ಆಕೆ ಅಲ್ಲ ಅಂದರೆ ಅಲ್ಲ. ಎಲ್ಲರಿಗೂ ಸುದ್ದಿ ಕಳಿಸಿ.'"

ಗಾಳಿಯಕ್ಕನಿಗೆ ಕಣ್ಣು ತುಂಬಿತು. ಅಷ್ಟು ದಿನ ಅವಳು ಕಾಯಂ ಆಗುವುದೆಂದರೆ ಪಟ್ಟಿಯಲ್ಲಿ ಹೆಸರು ಬರುವುದು ಎಂದುಕೊಂಡಿದ್ದಳು. ಆಮೇಲೆ ಫೋನನ್ನು ಸ್ಪೀಕರಿಗೆ ಹಾಕಿ ಗಂಡನ ಪಕ್ಕದಲ್ಲಿ ಮೇಜಿನ ಮೇಲಿಟ್ಟಳು.

"ಇನ್ನೊಂದು ಸಲ ಓದು ತಂಗಿ" ಎಂದಳು. "ನಿಧಾನಕ್ಕೆ. ಇವರೂ ಕೇಳಲಿ."