ಗ್ಲೆನಿಸ್ ಮನೆಯ ಬುಧವಾರಗಳು

ಗ್ಲೆನಿಸ್ ಟ್ರಾಂಟರ್ ಯಾರಂಡಲ್ ಎಂಬ ಊರಿನ ಕೌನ್ಸಿಲಿನ, ಅಂದರೆ ಪುರಸಭೆಯ, ಚರಂಡಿ ವಿಭಾಗಕ್ಕೆ ಟೈಪಿಸ್ಟಾಗಿ ಸೇರಿದರು. ಒಂದು ದಿನ ನಕ್ಷೆ ಬರೆಯುವವನು ಕಾಯಿಲೆ ಬಿದ್ದು ರಜೆ ಹಾಕಿದ. ಅವನು ಅರ್ಧಕ್ಕೆ ಬಿಟ್ಟಿದ್ದನ್ನು ಮುಗಿಸಲು ಇವರು ಪೆನ್ಸಿಲ್ ಎತ್ತಿಕೊಂಡರು. ಆಮೇಲೆ ಮೂವತ್ತೊಂದು ವರ್ಷ ಅದನ್ನು ಕೆಳಗಿಡಲಿಲ್ಲ. ಊರಿನ ಯಾವ ಬೀದಿಯ ಕೆಳಗೆ ಯಾವ ಪೈಪಿದೆ, ಅದು ಎತ್ತ ವಾಲಿದೆ ಎನ್ನುವುದೆಲ್ಲ ಅವರಿಗೆ ಬಾಯಿಪಾಠ. ಆದರೆ ಡಿಗ್ರಿ ಇಲ್ಲವೆಂದು ಅವರ ಹುದ್ದೆಗೆ ‘ಸಹಾಯಕಿ’ ಎಂಬ ಪದ ಕೊನೆಯ ದಿನದವರೆಗೂ ಅಂಟಿಕೊಂಡೇ ಇತ್ತು. ನಿವೃತ್ತಿಯ ದಿನ ಕೇಕ್ ಕತ್ತರಿಸಿ, ಒಂದು ಹೂಗಿಡ ಕೊಟ್ಟು ಕಳಿಸಿದರು. ಗಿಡ ಎರಡೇ ವಾರದಲ್ಲಿ ಒಣಗಿತು. ಗ್ಲೆನಿಸ್‌ಗೆ ಸುಮ್ಮನೆ ಕೂರುವುದು ಮಾತ್ರ ಬರಲಿಲ್ಲ.

ನಾನು ಅವರನ್ನು ಕಂಡದ್ದು ಇದೆಲ್ಲ ಆದಮೇಲೆ. ಫಿಲಿಪೀನ್ಸಿನ ಇಲೋಯಿಲೋದಲ್ಲಿ ಒಂಬತ್ತು ವರ್ಷ ಸೇತುವೆ ಕಟ್ಟಿಸಿ ಬಂದವಳು ಇಲ್ಲಿ ವೃದ್ಧಾಶ್ರಮದಲ್ಲಿ ಹೊದಿಕೆ ಮಡಚುತ್ತಿದ್ದೆ. ಓದಿಗೆ ತಕ್ಕ ಕೆಲಸ ಹುಡುಕುತ್ತಾ ಅವರ ಮನೆಯ ಮೇಜಿಗೆ ಬಂದವರಲ್ಲಿ ನಾನು ಏಳನೆಯವಳು. ಮೊದಲನೆಯವನು ಸೂಡಾನಿನ ಬಾಬಿಕರ್. ಅವನ ಕತೆಯನ್ನು ಇಬ್ಬರ ಬಾಯಿಂದಲೂ ಎಷ್ಟು ಸಲ ಕೇಳಿದ್ದೇನೆಂದರೆ, ನಾನೇ ಅಲ್ಲಿ ನಿಂತು ನೋಡಿದಂತೆ ಅನಿಸುತ್ತದೆ.

ಬಾಬಿಕರ್ ಸೂಪರ್ ಮಾರ್ಕೆಟ್ಟಿನ ಅಂಗಳದಲ್ಲಿ ತಳ್ಳುಗಾಡಿಗಳನ್ನು ಒಟ್ಟುಮಾಡುವ ಕೆಲಸದಲ್ಲಿದ್ದ. ಒಂದು ಬೆಳಿಗ್ಗೆ ಗ್ಲೆನಿಸ್ ಸಾಮಾನು ಕೊಂಡು ಹೊರಗೆ ಬಂದಾಗ ಅವನು ಮೊಣಕಾಲೂರಿ ನೆಲವನ್ನೇ ದಿಟ್ಟಿಸುತ್ತಿದ್ದ.

“ಏನಪ್ಪಾ, ಏನಾದ್ರೂ ಬೀಳಿಸ್ಕೊಂಡ್ಯಾ?”

“ಇಲ್ಲ ಮೇಡಂ. ಈ ನೆಲ ವಾಲಿರೋದೇ ತಪ್ಪು. ನೀರು ಈ ಕಡೆ ಬರುತ್ತೆ, ಚರಂಡಿ ಜಾಲರಿ ಆ ಕಡೆ ಇದೆ. ಜೋರು ಮಳೆ ಬಂದ್ರೆ ಅಂಗಡಿ ಒಳಗೇ ನುಗ್ಗುತ್ತೆ.”

“ಹೋದ ಫೆಬ್ರವರಿಲಿ ನುಗ್ಗಿತ್ತು ಕಣೋ! ಬ್ರೆಡ್ಡೆಲ್ಲ ತೇಲಾಡ್ತಿತ್ತು. ನೀನಾಗ ಇಲ್ಲಿದ್ಯಾ?”

“ಇಲ್ಲ ಮೇಡಂ. ಕಣ್ಣಿಗೇ ಕಾಣುತ್ತಲ್ಲ.”

ಗ್ಲೆನಿಸ್ ಅಲ್ಲೇ ಕಟ್ಟೆಯ ಮೇಲೆ ಕೂತು ಅವನ ಕತೆ ಕೇಳಿದರು. ವಾದ್ ಮದನಿ ಊರಿನ ನೀರಾವರಿ ಇಲಾಖೆಯಲ್ಲಿ ಅವನು ಹದಿನಾಲ್ಕು ವರ್ಷ ಎಂಜಿನಿಯರಾಗಿದ್ದ. ಮೈಲಿಗಟ್ಟಲೆ ಕಾಲುವೆ ಅವನ ಉಸ್ತುವಾರಿಯಲ್ಲಿತ್ತು. ಇಲ್ಲಿಗೆ ಬಂದು ತೊಂಬತ್ತನಾಲ್ಕು ಕಡೆ ಅರ್ಜಿ ಹಾಕಿದ್ದ. ಉತ್ತರ ಬಂದದ್ದು ಹನ್ನೊಂದು, ಹನ್ನೊಂದರಲ್ಲೂ ಒಂದೇ ಮಾತು: ಸ್ಥಳೀಯ ಅನುಭವವಿಲ್ಲ.

“ಅನುಭವ ಬರೋಕೆ ಕೆಲಸ ಬೇಕು, ಕೆಲಸ ಸಿಗೋಕೆ ಅನುಭವ ಬೇಕು. ನಾನು ಎಲ್ಲಿಂದ ಶುರು ಮಾಡ್ಲಿ ಮೇಡಂ?”

“ಬುಧವಾರ ನಮ್ಮನೆಗೆ ಬಾ. ಅಲ್ಲಿಂದ ಶುರು ಮಾಡು. ಇನ್ನೊಂದು ಸಲ ಮೇಡಂ ಅಂದ್ರೆ ಬಾಗಿಲು ತೆಗೆಯಲ್ಲ. ನನ್ನ ಹೆಸರು ಗ್ಲೆನಿಸ್.”

ಚೀಲದಲ್ಲಿದ್ದ ಐಸ್ ಕ್ರೀಮ್ ಅಷ್ಟರಲ್ಲಿ ಪಾಯಸವಾಗಿತ್ತು. ಗಂಡ ಕಾಲಿನ್ ಆ ವಿಷಯವನ್ನು ಇಂದಿಗೂ ಎತ್ತಿ ಆಡುತ್ತಾರೆ.

ಬುಧವಾರ ಬಾಬಿಕರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಂಡತಿ ಮಾಡಿಕೊಟ್ಟ ಎಳ್ಳಿನ ಬಿಸ್ಕತ್ತು ಹಿಡಿದು ಬಂದ. ಗ್ಲೆನಿಸ್ ಅವನ ಅರ್ಜಿ ತೆರೆದರು. ಮೊದಲ ಪುಟದಲ್ಲಿ ಫೋಟೋ, ತಂದೆಯ ಹೆಸರು, ಅಜ್ಜನ ಹೆಸರು, ಮದುವೆಯಾದ ವರ್ಷ, ಮಕ್ಕಳೆಷ್ಟು, ಎತ್ತರವೆಷ್ಟು ಎಲ್ಲ ಇತ್ತು.

“ಇದೇನೋ ಇದು? ಕೆಲಸ ಕೇಳ್ತಿದ್ಯೋ, ಹೆಣ್ಣು ಕೇಳ್ತಿದ್ಯೋ?” ಎಂದು ಪುಟದ ಮೇಲೆ ಉದ್ದಕ್ಕೂ ಕೆಂಪು ಗೆರೆ ಎಳೆದರು.

ಸಂದರ್ಶನದ ಅಭ್ಯಾಸಕ್ಕೆ ಕಾಲಿನ್ ಸಾಹೇಬರಾದರು. ಅವರು ರೈಲು ಓಡಿಸಿ ನಿವೃತ್ತರಾದವರು. ಚಡ್ಡಿಯ ಮೇಲೆ ಟೈ ಕಟ್ಟಿಕೊಂಡು, ಮೇಜಿನ ಆಚೆ ಕೂತು ಗಂಟಲು ಸರಿಮಾಡಿಕೊಂಡರು.

“ಹೂಂ, ನೀನು ಮಾಡಿದ ದೊಡ್ಡ ಕೆಲಸ ಯಾವ್ದು, ಹೇಳು.”

“ದೇವರ ದಯದಿಂದ, ನಮ್ಮ ಹಿರಿಯ ಅಧಿಕಾರಿಗಳ ಮಾರ್ಗದರ್ಶನದಲ್ಲಿ, ನಾವು ನಲವತ್ತು ಕಿಲೋಮೀಟರ್ ಕಾಲುವೆ ಸರಿಮಾಡಿದ್ವಿ.”

“ಸಂತೋಷ. ದೇವರಿಗೂ ಅಧಿಕಾರಿಗೂ ಕೆಲಸ ಕೊಡ್ತೀವಿ. ನೀನು ಹೊರಡು.”

ಬಾಬಿಕರ್ ಪೆಚ್ಚಾದ. “ನಾನು ನಾನು ಅಂತ ಹೇಳ್ಕೊಂಡ್ರೆ ನಮ್ಮಮ್ಮ ಕೆನ್ನೆಗೆ ಬಾರಿಸ್ತಿದ್ರು.”

“ನಿಮ್ಮಮ್ಮನ್ನ ಯಾರೂ ಇಂಟರ್‌ವ್ಯೂಗೆ ಕರೆದಿಲ್ಲ. ಕಾಲುವೆ ಅಳೆದೋರು ಯಾರು?” ಎಂದರು ಗ್ಲೆನಿಸ್.

“ನಾ... ನಾನು.”

“ಜೋರಾಗಿ!”

“ನಾನು!”

ಪಕ್ಕದ ಮನೆಯ ನಾಯಿ ಬೊಗಳಿತು. ಆ ದಿನಕ್ಕೆ ಅಷ್ಟು ಸಾಕೆಂದು ಚಹಾ ಕುಡಿದರು.

ಹೀಗೆ ಮೂರು ತಿಂಗಳು. ಆಮೇಲೆ ಒಂದು ದಿನ ಗ್ಲೆನಿಸ್ ತಮ್ಮ ಹಳೆಯ ಕಚೇರಿಗೆ ನಡೆದರು. ಈಗ ಅಲ್ಲಿನ ಮುಖ್ಯಸ್ಥ ಟ್ರೆವರ್ ಪಾಸ್ಕೋ.

“ಒಳ್ಳೇವನೇ ಇರ್ಬೋದು ಗ್ಲೆನಿಸ್. ಆದ್ರೆ ಇಲ್ಲಿಯ ಅನುಭವ ಇಲ್ವಲ್ಲ.”

“ಯಾಕೆ, ಸೂಡಾನಲ್ಲಿ ನೀರು ಮೇಲಕ್ಕೆ ಹರಿಯುತ್ತಾ?”

“ಹಾಗಲ್ಲ...”

“ಟ್ರೆವರ್, ನೀನು ಎಂಜಿನಿಯರಾಗಿ ಸೇರಿದ ವಾರ, ಮ್ಯಾನ್‌ಹೋಲ್ ಮುಚ್ಚಳ ಯಾಕೆ ದುಂಡಗಿರುತ್ತೆ ಅಂತ ನನ್ನ ಕೇಳಿದ್ದೆ. ನಾನು ಇವತ್ತಿನವರೆಗೂ ಯಾರ ಮುಂದೂ ಬಾಯಿ ಬಿಟ್ಟಿಲ್ಲ.”

ಟ್ರೆವರ್ ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು. ಮಾತು ಹನ್ನೆರಡು ವಾರದ ಪರೀಕ್ಷೆಗೆ ಬಂದು ನಿಂತಿತು. ಸಂಬಳ ಕೊಟ್ಟೇ ಇಟ್ಟುಕೊಳ್ಳುವುದು; ಸರಿಬರದಿದ್ದರೆ ಗ್ಲೆನಿಸ್ ತಾವೇ ಬಂದು ಅವನನ್ನು ಕರೆದುಕೊಂಡು ಹೋಗುವುದು.

ಬಾಬಿಕರನನ್ನು ನೆವ್ ಹಾರಿಗನ್ ಎಂಬ ಮೇಸ್ತ್ರಿಯ ತಂಡಕ್ಕೆ ಹಾಕಿದರು. ಇಪ್ಪತ್ತಾರು ವರ್ಷ ಪೈಪ್ ಹೂತ ಮನುಷ್ಯ, ಮಾತು ಒರಟು. ಮೊದಲ ದಿನವೇ ಬಾಬಿಕರನಿಗೆ ‘ಪ್ರೊಫೆಸರ್’ ಎಂದು ಹೆಸರಿಟ್ಟು, ಅಳತೆಯ ಕೋಲು ಹಿಡಿದುಕೊಂಡು ನಿಲ್ಲುವ ಕೆಲಸ ಕೊಟ್ಟ. ಬಾಬಿಕರ್ ಐದು ವಾರ ನೆಟ್ಟಗೆ ನಿಂತ.

ಆರನೆಯ ವಾರದ ಬುಧವಾರ ಸಂಜೆ ಅವನು ಬಂದವನೇ ಚಹಾ ಮುಟ್ಟಲಿಲ್ಲ.

“ಏನಾಯ್ತೋ?” ಎಂದರು ಕಾಲಿನ್.

“ನಾಳೆ ಶಾಲೆ ಪಕ್ಕದಲ್ಲಿ ಪೈಪ್ ಹೂಳ್ತಾರೆ. ನಕ್ಷೆಲಿ ತಪ್ಪಿದೆ. ನೀರು ಹೊರಗೆ ಹೋಗ್ಬೇಕಾದ ತುದಿ ಅರ್ಧ ಗೇಣು ಮೇಲಿದೆ. ಅರ್ಧ ಗೇಣು ಇಳಿಜಾರು ಸಿಕ್ಕಿದ್ರೆ ನಮ್ಮ ಕಾಲುವೆ ಒಂದು ಕಿಲೋಮೀಟರ್ ಹರಿಯುತ್ತೆ.”

“ನೆವ್‌ಗೆ ಹೇಳಿದ್ಯಾ?”

“ಹೇಗೆ ಹೇಳ್ಲಿ? ಅವರು ಹಿರಿಯರು. ಎಲ್ಲರ ಮುಂದೆ ತಪ್ಪು ಅಂದ್ರೆ ಅವಮಾನ ಅಲ್ವಾ?”

ಗ್ಲೆನಿಸ್ ಕುರ್ಚಿಯನ್ನು ಅವನ ಹತ್ತಿರ ಎಳೆದುಕೊಂಡರು. “ಮಳೆ ಬಂದು ಶಾಲೆ ಮಕ್ಕಳು ನೀರಲ್ಲಿ ನಿಂತ್ರೆ ಅವನಿಗೆ ಇನ್ನೂ ದೊಡ್ಡ ಅವಮಾನ. ಇಲ್ಲಿ ಗೊತ್ತಿದ್ದೂ ಸುಮ್ನಿರೋದು ಮರ್ಯಾದೆ ಅಲ್ಲ ಕಣಪ್ಪ. ತಪ್ಪು ಅನ್ನೋಕೆ ಬಾಯಿ ಬರ್ದಿದ್ರೆ ಪ್ರಶ್ನೆ ಕೇಳು.”

ಬೆಳಿಗ್ಗೆ ಪೈಪನ್ನು ಎತ್ತಲು ಯಂತ್ರ ಕೈ ಚಾಚಿತ್ತು. ಬಾಬಿಕರ್ ಕೋಲು ಹಿಡಿದುಕೊಂಡೇ ನೆವ್ ಬಳಿಗೆ ಹೋದ.

“ನೆವ್, ಒಂದು ಅನುಮಾನ. ಪೈಪಿನ ಆ ತುದಿ ಈ ತುದಿಗಿಂತ ಮೇಲಿದೆ. ನೀರು ಹತ್ಕೊಂಡು ಹೋಗೋಕೆ ಮೆಟ್ಟಿಲು ಎಲ್ಲಿ ಕಟ್ಟೋಣ?”

ತಂಡದವರೆಲ್ಲ ಗೊಳ್ಳೆಂದರು. ನೆವ್ ನಗಲಿಲ್ಲ. ನಕ್ಷೆ ಕಿತ್ತುಕೊಂಡು ನೋಡಿದ, ಕನ್ನಡಕ ಹಾಕಿಕೊಂಡು ಮತ್ತೆ ನೋಡಿದ, ಯಂತ್ರದವನಿಗೆ ಕೈ ಎತ್ತಿ ನಿಲ್ಲಿಸೆಂದ. ಕಚೇರಿಗೆ ಫೋನ್ ಮಾಡಿದಾಗ ವಿಷಯ ತಿಳಿಯಿತು: ಆ ತುದಿಯ ಎತ್ತರ ಮೂವತ್ತಾರು ಎಂದಿರಬೇಕಾದಲ್ಲಿ ಯಾರೋ ಅರವತ್ತಮೂರು ಎಂದು ಬರೆದಿದ್ದರು.

“ಪ್ರೊಫೆಸರ್, ಇದು ನಿನ್ನ ಕಣ್ಣಿಗೆ ಬಿದ್ದಿದ್ದು ಯಾವಾಗ?”

“ನಿನ್ನೆ.”

“ನಿನ್ನೆನಾ! ಮತ್ತೆ ನಿನ್ನೆನೇ ಯಾಕೋ ಬಾಯಿ ಬಿಡ್ಲಿಲ್ಲ?”

“ಮೆಟ್ಟಿಲಿನ ಮಾತು ನಿನ್ನೆ ಹೊಳೆದಿರ್ಲಿಲ್ಲ.”

ಈಗ ನೆವ್ ನಕ್ಕ. ಮಧ್ಯಾಹ್ನ ಬೇಕರಿಗೆ ಹೋದವನು, ಹಂದಿಯ ಕೊಬ್ಬು ಬಿದ್ದಿಲ್ಲವೆಂದು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, ಆಲೂಗಡ್ಡೆಯ ಕಡುಬು ತಂದು ಬಾಬಿಕರನ ಕೈಗಿಟ್ಟ. ಕೋಲು ಹಿಡಿಯಲು ಮರುದಿನ ಬೇರೆಯವನು ಬಂದ. ಹತ್ತನೆಯ ವಾರಕ್ಕೇ ಟ್ರೆವರ್ ಕಾಯಂ ಆದೇಶ ಕೊಟ್ಟರು.

ಸುದ್ದಿ ಹರಡಿತು. ಬಾಬಿಕರ್ ಒಬ್ಬ ಇರಾಕಿನವನನ್ನು ಕರೆತಂದ, ಅವನು ನೇಪಾಳದ ದಂಪತಿಯನ್ನು. ನನ್ನನ್ನು ಕರೆದುಕೊಂಡು ಹೋದದ್ದು ವೃದ್ಧಾಶ್ರಮದಲ್ಲಿದ್ದ ಕಾಲಿನ್‌ರ ಅಕ್ಕ. ಮೊದಲ ದಿನ ನಾನು ಎಲ್ಲದಕ್ಕೂ ನಗುತ್ತಾ “ಹೌದು, ಹೌದು” ಎನ್ನುತ್ತಿದ್ದೆ. ಕಾಲಿನ್ ಗಂಭೀರವಾಗಿ, “ನಿನ್ನ ಸೇತುವೆ ಕುಸೀತಂತೆ, ಹೌದಾ?” ಎಂದರು. “ಹೌದು” ಎಂದುಬಿಟ್ಟೆ. ಆಮೇಲೆ ಎದ್ದು ನಿಂತು, “ಇಲ್ಲ! ನಾನು ಕಟ್ಟಿದ್ದು ಒಂದೂ ಕುಸಿದಿಲ್ಲ!” ಎಂದು ಕೂಗಿದೆ. ಎಂಟು ತಿಂಗಳಲ್ಲಿ ರಸ್ತೆ ಇಲಾಖೆಯಲ್ಲಿ ಕೆಲಸ ಸಿಕ್ಕಿತು. ಆರು ವರ್ಷದಲ್ಲಿ ಹೀಗೆ ಬಂದವರು ಇಪ್ಪತ್ತಮೂರು ಜನ. ಇಬ್ಬರಿಗೆ ಮಾತ್ರ ಆಗಿಬರಲಿಲ್ಲ. ಅವರಲ್ಲೊಬ್ಬ ಸಾಕಾಗಿ ತನ್ನ ದೇಶಕ್ಕೇ ಮರಳಿದ. ಆ ವಾರ ಗ್ಲೆನಿಸ್ ಅವನ ಅರ್ಜಿಯನ್ನು ಮತ್ತೆ ತೆರೆದು, ತಾವೆಲ್ಲಿ ತಪ್ಪಿದೆವೆಂದು ಸಾಲು ಸಾಲಾಗಿ ಓದಿದರು.

ಹೋದ ವರ್ಷ ಕೌನ್ಸಿಲಿನವರು, ಕೆಲಸಕ್ಕೆ ಜನರನ್ನು ಆರಿಸುವ ಅಧಿಕಾರಿಗಳಿಗೆ ನಾಲ್ಕು ಮಾತು ಹೇಳಿ ಎಂದು ಗ್ಲೆನಿಸ್‌ರನ್ನು ಕರೆದರು. ಇವರು ಭಾಷಣ ಮಾಡಲಿಲ್ಲ. ಟ್ರೆವರ್‌ರನ್ನು ಕುರ್ಚಿಯಲ್ಲಿ ಕೂರಿಸಿ, ವಾದ್ ಮದನಿಯಲ್ಲಿ ಕೆಲಸ ಕೇಳಲು ಬಂದವರೆಂದು ಸಾರಿ, ಎದುರಿಗೆ ಬಾಬಿಕರನನ್ನು ಕೂರಿಸಿದರು. ಅವನು ಮೊದಲು ಚಹಾ ಮುಂದಿಟ್ಟ. ಟ್ರೆವರ್ ಬೇಡವೆಂದರು.

“ಸೂಡಾನಿನಲ್ಲಿ ಎಷ್ಟು ವರ್ಷ ಅನುಭವ?”

“ಒಂದೂ ಇಲ್ಲ.”

“ಕಾಲುವೆ ಹೂಳು ತೆಗೆಸಿದ್ದೀರಾ?”

“ಇಲ್ಲ, ಆದ್ರೆ ಕಲೀತೀನಿ.”

“ನಿಮ್ಮ ತಂದೆಯವರು ಹೇಗಿದ್ದಾರೆ?”

“ಅದ್ಯಾಕೆ ಇಲ್ಲಿ?”

ಬಾಬಿಕರ್ ದುಃಖದಿಂದ ತಲೆಯಾಡಿಸಿದ. “ಚಹಾ ಬೇಡ ಅಂದ್ರಿ, ತಂದೆ ಬಗ್ಗೆ ಕೇಳಿದ್ರೆ ಸಿಡುಕಿದ್ರಿ. ಒಳ್ಳೆಯವರೇ ಇರ್ಬೋದು. ಆದ್ರೆ ನಮಗೆ ಹೊಂದ್ಕೊಳ್ಳಲ್ಲ.”

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಟ್ರೆವರ್‌ರ ಕಿವಿ ಕೆಂಪಾಯಿತು, ಆಮೇಲೆ ಅವರೂ ನಕ್ಕು ಆ ಚಹಾವನ್ನು ಕುಡಿದರು. ಮುಂದಿನ ತಿಂಗಳ ಜಾಹೀರಾತಿನಲ್ಲಿ ‘ಸ್ಥಳೀಯ ಅನುಭವ ಕಡ್ಡಾಯ’ ಎಂಬ ಸಾಲು ಇರಲಿಲ್ಲ.

ಗ್ಲೆನಿಸ್‌ಗೆ ಈಗ ಎಪ್ಪತ್ತೊಂದು. ಈಚೆಗೆ ವೆನೆಜುವೆಲಾದ ಮಾರಿಸೋಲ್ ಎಂಬ ವಿದ್ಯುತ್ ಎಂಜಿನಿಯರ್ ಬರತೊಡಗಿದ್ದಾಳೆ. ಗ್ಲೆನಿಸ್‌ಗೆ ವಿದ್ಯುತ್ತಿನ ಗಂಧ ಗಾಳಿ ಇಲ್ಲ. ಅದಕ್ಕೆ ಲೈಬ್ರರಿಯಿಂದ ಮೂರು ಪುಸ್ತಕ ತಂದು, ಮಾರಿಸೋಲಳ ಪಕ್ಕದಲ್ಲೇ ಕೂತು, ಅವಳಿಂದಲೇ ಹೇಳಿಸಿಕೊಂಡು ಓದುತ್ತಿದ್ದಾರೆ. ಮೊನ್ನೆ ನಾನು ಹೋದಾಗ ಇಬ್ಬರೂ ಸೇರಿ ಟೋಸ್ಟರ್ ಬಿಚ್ಚಿ ಮೇಜಿನ ತುಂಬ ಹರಡಿಕೊಂಡಿದ್ದರು. ಕಾಲಿನ್ ಬಿಸಿಮಾಡದ ಬ್ರೆಡ್ಡಿಗೆ ಬೆಣ್ಣೆ ಸವರಿಕೊಂಡು ಜಗುಲಿಯಲ್ಲಿ ಕೂತು ತಿನ್ನುತ್ತಿದ್ದರು.